ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ರೋಗಿಯ ತಿಳಿವಳಿಕೆ

ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಸ್ತ್ರೀಯು ಆಸ್ಪತ್ರೆಯಲ್ಲಿ ಕಳೆಯುವುದು ಕೆಲವು ದಿನಗಳು ಮಾತ್ರ. ಉಳಿದ ತಿಂಗಳುಗಳೆಲ್ಲ ಮನೆಯಲ್ಲಿಯೇ ಸಲ್ಲುತ್ತವೆ. ಆದಕಾರಣ ವೈದ್ಯರ ಮಾತನ್ನು ಅರ್ಥಮಾಡಿಕೊಂಡಿರುವುದೂ ಚಿಕಿತ್ಸೆಯ ಒಂದು ಅಂಗವೇ ಸರಿ.

ಮುಖ್ಯವಾದುದು ಜ್ವರದ ವಿಚಾರ. ಕಿಮೊಥೆರಪಿಯು ಕ್ಯಾನ್ಸರಿನ ಜೀವಕೋಶಗಳೊಡನೆ ಅಸ್ಥಿಮಜ್ಜೆಯಲ್ಲಿ ಹುಟ್ಟುವ ಬಿಳಿಯ ರಕ್ತಕಣಗಳನ್ನೂ ಕುಗ್ಗಿಸುತ್ತದೆ. ಔಷಧ ಕೊಟ್ಟ ಸುಮಾರು 7ರಿಂದ 14 ದಿನಗಳಲ್ಲಿ ಅವುಗಳ ಸಂಖ್ಯೆ ಸಾಮಾನ್ಯವಾಗಿ ತೀರ ಇಳಿಯುವುದರಿಂದ, ಆಗ ತಗಲಿದ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯವನ್ನು ತಂದೊಡ್ಡಬಲ್ಲದು. ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಕಂಡೊಡನೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗತಕ್ಕದ್ದು. ಕಷಾಯ ಕುಡಿದು, ಗುಳಿಗೆ ನುಂಗಿ ಬೆಳಗಾಗಲೆಂದು ಕಾಯುವುದು ಸಲ್ಲದು. ಜ್ವರದ ಗುಳಿಗೆಯು ಕಾವನ್ನು ಮರೆಮಾಡೀತೇ ಹೊರತು ಸೋಂಕನ್ನು ನೀಗದು. ಮನೆಯವರ ನಿದ್ದೆ ಕೆಡಿಸಬಾರದೆಂದು ಸುಮ್ಮನಿರುವ ತಾಯಂದಿರುಂಟು. ಆ ಸಂಕೋಚ ಇಲ್ಲಿ ತರವಲ್ಲ.

ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಿದ್ದರೆ ಆ ಬದಿಯ ತೋಳು ಬಾತುಕೊಳ್ಳುವ ಸಂಭವವುಂಟು. ತೋಳನ್ನು ಅಲುಗಿಸಲೇಬಾರದೆಂಬ ನಂಬಿಕೆ ತಪ್ಪು. ವೈದ್ಯರು ತೋರಿಸಿದ ವ್ಯಾಯಾಮವನ್ನು ನಿತ್ಯವೂ ಮಾಡಬೇಕು. ಒಲೆಯ ಬಿಸಿ, ಈಳಿಗೆಯ ಅಲಗುಗಳಿಂದ ಆ ಕೈಯನ್ನು ಕಾಪಾಡಿಕೊಳ್ಳಬೇಕು.

ವೈದ್ಯರ ಚೀಟಿ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಔಷಧಗಳ ಹೆಸರು, ಮುಂದಿನ ಸರದಿಯ ದಿನ, ರಾತ್ರಿ ಕರೆಯಬೇಕಾದ ದೂರವಾಣಿ ಸಂಖ್ಯೆ ಇವನ್ನು ಕೇಳಿ ತಿಳಿದು, ಕನ್ನಡದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸುವುದು ಶಾಲೆಯಲ್ಲಿ ಓದುವ ಮಗಳಿಂದಲೂ ಆಗುವ ಕೆಲಸ.