ಪಿಸ್ಕಾಟವೇ ಅಡುಗೆಮನೆಗೆ ಎಳ್ಳೆಣ್ಣೆ: ಏಳು ಸೂತ್ರಗಳು

ಅಮೆರಿಕದ ಪಿಸ್ಕಾಟವೇ ಊರಿನ ಸ್ಟೆಲ್ಟನ್ ರಸ್ತೆಯಾಗಲಿ, ಪಕ್ಕದ ಎಡಿಸನ್ನಿನ ಓಕ್ ಟ್ರೀ ರಸ್ತೆಯಾಗಲಿ, ಎಳ್ಳೆಣ್ಣೆಗೆ ಬರವಿಲ್ಲ. ಯಾವುದನ್ನು ಕೊಳ್ಳಬೇಕು, ಹೇಗೆ ಬಳಸಬೇಕು ಎಂಬಲ್ಲೇ ಎಡವುವುದು.

1. ಬಣ್ಣ ನೋಡಿ ಕೊಳ್ಳಿ. ಚೀನೀ, ಕೊರಿಯನ್ ಅಂಗಡಿಗಳ ಕಡುಗಂದು ಎಣ್ಣೆ ಚೆನ್ನಾಗಿ ಹುರಿದ ಎಳ್ಳಿನದು. ಅದರಲ್ಲಿ ಪುಳಿಯೋಗರೆ ಗೊಜ್ಜು ಕುದಿಸಿದರೆ ಮನೆಯೆಲ್ಲ ನೂಡಲ್ಸ್ ವಾಸನೆ. ಗೊಜ್ಜು, ಉಪ್ಪಿನಕಾಯಿ, ಚಟ್ನಿಪುಡಿಗೆ ಹೊನ್ನಬಣ್ಣದ ಗಾಣದೆಣ್ಣೆಯೇ ಸರಿ.

2. ಲೇಬಲ್ ಓದಿ. ದೀಪದೆಣ್ಣೆಯ ಬಾಟಲಿಯೂ ಒಮ್ಮೊಮ್ಮೆ ಅದೇ ಸಾಲಿನಲ್ಲಿ ಕೂತಿರುತ್ತದೆ. ಅದು ದೇವರಿಗೆ, ಹೊಟ್ಟೆಗಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಬೆಲ್ಲ ಕಂಡರೆ ಗಾಬರಿ ಬೇಡ. ಗಾಣಕ್ಕೆ ಎಳ್ಳಿನ ಜೊತೆ ತಾಳೆಬೆಲ್ಲ ಹಾಕುವುದು ತಮಿಳುನಾಡಿನ ಹಳೇ ಪದ್ಧತಿ.

3. ಆ್ಯಂಟಿಆಕ್ಸಿಡೆಂಟ್ ಎಂದರೇನು, ತಿಳಿದು ಮೆಚ್ಚಿ. ಎಳ್ಳೆಣ್ಣೆಯಲ್ಲಿ ಸುಮಾರು ಶೇ. 40ರಷ್ಟು ಲಿನೋಲಿಕ್ ಆಮ್ಲ, ಹೆಚ್ಚುಕಡಿಮೆ ಅಷ್ಟೇ ಓಲಿಕ್ ಆಮ್ಲ. ಲಿನೋಲಿಕ್ ಇಷ್ಟಿರುವ ಎಣ್ಣೆ ಗಾಳಿ ತಾಗಿದರೆ ಬೇಗ ಕಮಟು ಹಿಡಿಯಬೇಕು. ಇದು ಅಷ್ಟು ಬೇಗ ಹಿಡಿಯುವುದಿಲ್ಲ, ಅದೇ ಸೋಜಿಗ. ಕಾರಣ ಅದರೊಳಗಿನ ಆ್ಯಂಟಿಆಕ್ಸಿಡೆಂಟ್‌ಗಳು, ಅಂದರೆ ಗಾಳಿ ತಾಗಿ ಎಣ್ಣೆ ಕೆಡದಂತೆ ತಡೆಯುವ ಕಾವಲುಗಾರರು: ಸೆಸಮಿನ್, ಸೆಸಮೋಲಿನ್ ಎಂಬ ಲಿಗ್ನಾನ್‌ಗಳು, ಜೊತೆಗೆ ವಿಟಮಿನ್ ಇ ಬಗೆಯಾದ ಗಾಮಾ ಟೋಕೋಫೆರಾಲ್. ಎಳ್ಳು ಹುರಿದಾಗ ಸೆಸಮೋಲಿನ್ ಒಡೆದು ಸೆಸಮಾಲ್ ಆಗುತ್ತದೆ. ಕಾವಲುಗಾರರಲ್ಲಿ ಬಲಶಾಲಿ ಇದು. ಉಪ್ಪಿನಕಾಯಿ ಜಾಡಿಯ ಮೇಲೆ ಬೆರಳೆತ್ತರ ಎಳ್ಳೆಣ್ಣೆ ನಿಲ್ಲಿಸುತ್ತಿದ್ದ ಅಜ್ಜಿಯರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಫಲ ಗೊತ್ತಿತ್ತು. ಆದರೆ ಜಾಡಿ ಕಾಯುವ ಎಣ್ಣೆ ನಮ್ಮ ಹೃದಯವನ್ನೂ ಅಷ್ಟೇ ಕಾಯುತ್ತದೆ ಎಂದು ಹೇಳುವಷ್ಟು ಪುರಾವೆ ಇಲ್ಲ. ಬಿ.ಪಿ. ಮಾತ್ರೆ ಬಿಟ್ಟು ಬೆಳಗ್ಗೆ ಎದ್ದು ಎಳ್ಳೆಣ್ಣೆ ಕುಡಿಯಿರಿ ಎಂಬ ವಾಟ್ಸಾಪ್ ಸಲಹೆಯನ್ನು ಅಲ್ಲೇ ಅಳಿಸಿ.

4. ಇಲ್ಲದ್ದನ್ನು ಹುಡುಕಬೇಡಿ. ಸಿಪ್ಪೆಸಹಿತ 100 ಗ್ರಾಂ ಎಳ್ಳಿನಲ್ಲಿ ಸುಮಾರು 975 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಎಣ್ಣೆಯಲ್ಲಿ ಇಲ್ಲವೇ ಇಲ್ಲ, ಅದು ಹಿಂಡಿಯಲ್ಲೇ ಉಳಿಯಿತು. ದೇಹ ಹೆಚ್ಚಾಗಿ ಬಳಸುವ ಆಲ್ಫಾ ಬಗೆಯ ವಿಟಮಿನ್ ಇ ಬೇಕಿದ್ದರೆ ಸೂರ್ಯಕಾಂತಿ ಎಣ್ಣೆಯೇ ಎಷ್ಟೋ ಮುಂದೆ. ಒಮೇಗಾ-3 ಬೇಕೆಂದರೆ ಅಗಸೆ ಪುಡಿ ತಿನ್ನಿ.

5. ಅಳೆದು ಸುರಿಯಿರಿ. ಒಂದು ಟೇಬಲ್ ಚಮಚಕ್ಕೆ 120 ಕ್ಯಾಲರಿ. ಗಾಣದ್ದಾದರೂ ಅಷ್ಟೇ.

6. ಪೂರಿ, ಬೋಂಡ ಕರಿಯಲು ಬೇಡ. ಶುದ್ಧೀಕರಿಸದ ಎಳ್ಳೆಣ್ಣೆ ಬೇಗ ಹೊಗೆಯಾಡುತ್ತದೆ. ಅಪಾರ್ಟ್‌ಮೆಂಟಿನ ಸ್ಮೋಕ್ ಅಲಾರಂ ಮೊದಲು ಕೂಗುವುದು ನಿಮ್ಮ ಮನೆಯಲ್ಲೇ. ಹದವಾದ ಉರಿಯಲ್ಲಿ ಒಗ್ಗರಣೆ ಹಾಕಿ, ಇಲ್ಲವೇ ಬಿಸಿ ಅನ್ನ, ಚಟ್ನಿಪುಡಿಯ ಮೇಲೆ ಹಸಿಯಾಗಿ ಒಂದು ಚಮಚ ಬಿಟ್ಟುಕೊಳ್ಳಿ. ಬಾಟಲಿಯನ್ನು ಒಲೆಯ ಪಕ್ಕ ಇಡದೆ ಕತ್ತಲ ಕಪಾಟಿಗೆ ಸೇರಿಸಿ.

7. ಹಂಚುವ ಮುನ್ನ ಹೇಳಿ. ಅಮೆರಿಕದಲ್ಲಿ ಎಳ್ಳನ್ನು ಒಂಬತ್ತನೇ ಪ್ರಮುಖ ಅಲರ್ಜಿಕಾರಕವೆಂದು 2021ರ ಕಾನೂನು ಸೇರಿಸಿತು. 2023ರ ಜನವರಿ 1ರಿಂದ ಪ್ಯಾಕೆಟ್ ಆಹಾರದ ಮೇಲೆ ಅದನ್ನು ನಮೂದಿಸುವುದು ಕಡ್ಡಾಯ. ಗಾಣದೆಣ್ಣೆಯಲ್ಲೂ ಎಳ್ಳಿನ ಪ್ರೋಟೀನ್ ಅಂಶ ಉಳಿದಿರುತ್ತದೆ. ಮನೆಯಡುಗೆಗೆ ಆ ಕಾನೂನು ತಾಗದು, ನಿಜ. ಆದರೂ ಕನ್ನಡ ಕೂಟದ ಸಂಕ್ರಾಂತಿ ಊಟಕ್ಕೆ ಪುಳಿಯೋಗರೆ ಒಯ್ಯುವಾಗ ಪಾತ್ರೆಯ ಮುಚ್ಚಳದ ಮೇಲೆ ‘ಎಳ್ಳು ಇದೆ’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಒಂದು ಚೀಟಿ ಅಂಟಿಸಿ.