ನಿದ್ದೆಯ ಮಾತ್ರೆ ನುಂಗುವ ಮುನ್ನ



ಅಮೆರಿಕದಲ್ಲಿರುವ ಮಗ ರಜೆಗೆ ಮನೆಗೆ ಬಂದಿದ್ದಾನೆ ಎನ್ನಿ. ಪೆಟ್ಟಿಗೆ ಬಿಚ್ಚಿದಾಗ ಚಾಕೊಲೇಟು, ಸಾಬೂನು, ಮಂಡಿನೋವಿನ ಮುಲಾಮುಗಳ ನಡುವೆ ಒಂದು ಬಾಟಲಿ ಸಿಗುತ್ತದೆ. "ಅಮ್ಮಾ, ರಾತ್ರಿ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದಿರಲ್ಲ, ಮಲಗುವ ಮುಂಚೆ ಇದೊಂದು ನುಂಗಿ. ಇದರ ಹೆಸರು ಮೆಲಟೊನಿನ್. ನಮ್ಮ ದೇಹದಲ್ಲೇ ಇರುವಂಥದ್ದು, ಏನೂ ಆಗುವುದಿಲ್ಲ" ಎನ್ನುತ್ತಾನೆ. ಮಗನ ಪ್ರೀತಿಯಲ್ಲಿ ಸಂದೇಹವಿಲ್ಲ. ಆದರೆ ಆ ತಾಯಿ ಹೃದಯದ ಕವಾಟ ಬದಲಾಯಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ದಿನವೂ ವಾರ್ಫರಿನ್ ಮಾತ್ರೆ ನುಂಗುವವರಾಗಿದ್ದರೆ? ಆಗ "ಏನೂ ಆಗುವುದಿಲ್ಲ" ಎಂಬ ಮಾತು ನಿಲ್ಲುವುದಿಲ್ಲ.

ದೇಹದಲ್ಲೇ ಇದೆ ಎಂಬ ಕಾರಣಕ್ಕೆ ಒಂದು ವಸ್ತು ನಿರಪಾಯಕಾರಿ ಆಗುವುದಿಲ್ಲ. ಇನ್ಸುಲಿನ್ ಕೂಡ ದೇಹದಲ್ಲೇ ಇದೆ. ಅದನ್ನು ಯಾರಾದರೂ ವೈದ್ಯರನ್ನು ಕೇಳದೆ ಚುಚ್ಚಿಕೊಳ್ಳುತ್ತಾರೆಯೇ?

ಏನಿದು ಮೆಲಟೊನಿನ್?

ಮೆದುಳಿನ ನಡುವೆ ಅಕ್ಕಿಕಾಳಿನಷ್ಟು ದೊಡ್ಡದಾದ ಪಿನಿಯಲ್ ಗ್ರಂಥಿ ಇದೆ. ಕತ್ತಲಾದಂತೆ ಅದು ಮೆಲಟೊನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಬೆಳಕು ಕಣ್ಣಿಗೆ ಬಿದ್ದರೆ ಕಡಿಮೆ ಮಾಡುತ್ತದೆ. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಆರನ್ ಲರ್ನರ್ ಮತ್ತು ಸಂಗಡಿಗರು ದನಗಳ ಪಿನಿಯಲ್ ಗ್ರಂಥಿಯಿಂದ ಇದನ್ನು ಬೇರ್ಪಡಿಸಿದರು. ಇದು ನಮ್ಮನ್ನು ಹೊಡೆದು ಮಲಗಿಸುವ ಔಷಧಿಯಲ್ಲ. "ರಾತ್ರಿಯಾಯಿತು" ಎಂದು ದೇಹಕ್ಕೆ ಹೇಳುವ ಗಂಟೆ.

ಆದ್ದರಿಂದ ಗಡಿಯಾರ ತಪ್ಪಿದವರಿಗೆ ಇದು ಹೆಚ್ಚು ಉಪಯುಕ್ತ. ದೂರದ ವಿಮಾನ ಪ್ರಯಾಣ ಮಾಡಿದವರು, ನಡುರಾತ್ರಿ ಕಳೆದರೂ ನಿದ್ದೆ ಹತ್ತದವರು ಇಂಥವರು. ಬಹುಕಾಲದ ನಿದ್ರಾಹೀನತೆಗೆ ಇದರ ಲಾಭ ಅಲ್ಪ. 19 ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಲೆಕ್ಕ ಹಾಕಿದಾಗ, ಇದನ್ನು ಸೇವಿಸಿದವರಿಗೆ ನಿದ್ದೆ ಸರಾಸರಿ 7 ನಿಮಿಷ ಬೇಗ ಬಂದಿತ್ತು. ತಕ್ಕಡಿಯ ಒಂದು ತಟ್ಟೆಯಲ್ಲಿ ಈ 7 ನಿಮಿಷವನ್ನಿಡಿ. ಇನ್ನೊಂದರಲ್ಲಿ ಏನಿದೆ ನೋಡೋಣ.

ಅಡ್ಡ ಪರಿಣಾಮಗಳು

ಆರೋಗ್ಯವಂತರು ಕೆಲವು ದಿನ ಮಾತ್ರ ಸೇವಿಸಿದರೆ ತೊಂದರೆ ಸಾಮಾನ್ಯವಾಗಿ ಸಣ್ಣದು: ತಲೆನೋವು, ತಲೆಸುತ್ತು, ವಾಕರಿಕೆ, ಹಗಲಿನಲ್ಲಿ ತೂಕಡಿಕೆ. ಕೆಲವರಿಗೆ ವಿಚಿತ್ರ ಕನಸು, ಸಿಡುಕು, ಮಂಕು ಕವಿದಂಥ ಬೇಸರ. ಮಾತ್ರೆ ನುಂಗಿದ ಮೇಲೆ ನಾಲ್ಕೈದು ತಾಸು ವಾಹನ ಓಡಿಸಬಾರದು. ರಾತ್ರಿ ಪಾಳಿ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಬರುವ ನರ್ಸುಗಳು ಇದನ್ನು ನೆನಪಿಡಬೇಕು: ನುಂಗುವುದಾದರೆ ಮನೆ ಸೇರಿದ ಮೇಲೆ.

ವಯಸ್ಸಾದವರ ದೇಹದಲ್ಲಿ ಇದರ ಪ್ರಭಾವ ಹೆಚ್ಚು ಹೊತ್ತು ಉಳಿಯಬಹುದು. ನಡುರಾತ್ರಿ ಮೂತ್ರಕ್ಕೆಂದು ಎದ್ದ ಅಜ್ಜಿ ಮಂಪರಿನಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ, ಅದನ್ನು ಸಣ್ಣ ತೊಂದರೆ ಎನ್ನಲಾದೀತೇ?

ಇನ್ನೂ ದೊಡ್ಡ ಎಚ್ಚರ ಬೇಕಾದುದು ಇತರ ಔಷಧಿಗಳ ಜತೆ ಸೇರಿದಾಗ. ವಾರ್ಫರಿನ್ ಜತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ನಿಫೆಡಿಪಿನ್ ಎಂಬ ರಕ್ತದೊತ್ತಡದ ಮಾತ್ರೆ ಸೇವಿಸುವವರಲ್ಲಿ ಒತ್ತಡ ಏರಿದ್ದು ಕಂಡುಬಂದಿದೆ. ಖಿನ್ನತೆಗೆ ಕೊಡುವ ಫ್ಲುವೊಕ್ಸಮಿನ್, ರಕ್ತದಲ್ಲಿ ಮೆಲಟೊನಿನ್ ಪ್ರಮಾಣವನ್ನು ಬಹಳ ಏರಿಸುತ್ತದೆ. ಮದ್ಯ ಅಥವಾ ಬೇರೆ ನಿದ್ದೆಮಾತ್ರೆ ಸೇರಿದರೆ ಮಂಪರು ಇಮ್ಮಡಿಸುತ್ತದೆ. ಸಕ್ಕರೆ ಕಾಯಿಲೆಯವರು, ಅಪಸ್ಮಾರದವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ವರ್ಷಗಟ್ಟಲೆ ನುಂಗಿದರೆ ಏನಾಗುತ್ತದೆ ಎಂಬುದಕ್ಕೆ ಇನ್ನೂ ಖಚಿತ ಉತ್ತರ ಸಿಕ್ಕಿಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಸೇವಿಸಿದವರಲ್ಲಿ ಹೃದಯ ವೈಫಲ್ಯ ಹೆಚ್ಚಾಗಿ ಕಂಡಿತೆಂಬ ವರದಿಯೊಂದು 2025ರ ನವೆಂಬರಿನಲ್ಲಿ ಅಮೆರಿಕದ ಹೃದ್ರೋಗ ಸಂಘದ ಸಮ್ಮೇಳನಕ್ಕೆ ಬಂತು. ಮಾತ್ರೆಯೇ ಅದಕ್ಕೆ ಕಾರಣ ಎಂದು ಅದರಿಂದ ಸಿದ್ಧವಾಗುವುದಿಲ್ಲ. ನಿದ್ದೆಗೆಟ್ಟವರ ಹೃದಯ ಮೊದಲೇ ದಣಿದಿರಬಹುದು. ಹೆದರಬೇಕಿಲ್ಲ, ಆದರೆ "ಜೀವಮಾನವಿಡೀ ನುಂಗಬಹುದು" ಎಂಬ ಧೈರ್ಯವೂ ಬೇಡ.

ಬಾಟಲಿಯಲ್ಲಿ ಇರುವುದೆಷ್ಟು?

ಬ್ರಿಟನ್ನಿನಲ್ಲಿ ಮೆಲಟೊನಿನ್ ಬೇಕಾದರೆ ವೈದ್ಯರ ಚೀಟಿ ಬೇಕು. ಅಮೆರಿಕದಲ್ಲಿ ಇದು 1994ರ ಕಾನೂನಿನಂತೆ ಪೂರಕ ಆಹಾರವೆಂದು ಮಾರಾಟವಾಗುತ್ತದೆ. ಔಷಧಿಗೆ ನಡೆಸುವ ಪರೀಕ್ಷೆ ಇದಕ್ಕಿಲ್ಲ. 2017ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನ 31 ಉತ್ಪನ್ನಗಳನ್ನು ಪರೀಕ್ಷಿಸಿತು. ಚೀಟಿಯಲ್ಲಿ ಬರೆದುದಕ್ಕಿಂತ ಒಂದರಲ್ಲಿ ಶೇಕಡಾ 83ರಷ್ಟು ಕಡಿಮೆ, ಇನ್ನೊಂದರಲ್ಲಿ ಶೇಕಡಾ 478ರಷ್ಟು ಹೆಚ್ಚು ಇತ್ತು. 8 ಉತ್ಪನ್ನಗಳಲ್ಲಿ, ಹೆಸರೇ ಹೇಳದ ಸೆರೊಟೊನಿನ್ ಸಿಕ್ಕಿತು. 2023ರಲ್ಲಿ ಅಮೆರಿಕದ 25 ಬಗೆಯ ಮಿಠಾಯಿ ರೂಪದ ಮಾತ್ರೆಗಳನ್ನು ನೋಡಿದಾಗ 22ರಲ್ಲಿ ಲೆಕ್ಕ ತಪ್ಪಾಗಿತ್ತು.

ಮಿಠಾಯಿ ಎಂದಾಗ ಮಕ್ಕಳ ನೆನಪಾಗಬೇಕು. ಮಕ್ಕಳು ಮೆಲಟೊನಿನ್ ನುಂಗಿದ ಬಗ್ಗೆ ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ 2012ರಲ್ಲಿ ಬಂದ ಕರೆಗಳು 8,337, 2021ರಲ್ಲಿ 52,563. ಬಹುತೇಕ ಮಕ್ಕಳಿಗೆ ಏನೂ ಆಗಲಿಲ್ಲ. ಆದರೆ ಇಬ್ಬರು ತೀರಿಕೊಂಡರು. ಬಾಟಲಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ.

ಮೊದಲು ಕಾರಣ ಹುಡುಕಿ

ನಿದ್ದೆ ಬಾರದಿರುವುದು ಅನೇಕ ವೇಳೆ ಕಾಯಿಲೆಯಲ್ಲ, ಕಾಯಿಲೆಯ ಸುದ್ದಿ. ಮಧ್ಯಾಹ್ನದ ದೀರ್ಘ ನಿದ್ದೆ, ಸಂಜೆಯ ಕಾಫಿ, ಮಲಗಿದ ಮೇಲೂ ಕೈಯಲ್ಲಿರುವ ಮೊಬೈಲು, ಮಂಡಿನೋವು, ಗೊರಕೆಯ ನಡುವೆ ಉಸಿರು ಕಟ್ಟುವುದು, ಮಗಳ ಮದುವೆಯ ಸಾಲದ ಚಿಂತೆ ಇವುಗಳಲ್ಲಿ ಯಾವುದನ್ನೂ ಮೆಲಟೊನಿನ್ ಗುಣಪಡಿಸದು.

ಮೊದಲು ಹೇಳಿದ ತಾಯಿ ಏನು ಮಾಡಬೇಕು? ಬಾಟಲಿಯನ್ನೇ ಕೈಚೀಲದಲ್ಲಿಟ್ಟು ವೈದ್ಯರಿಗೆ ತೋರಿಸಬೇಕು. ಈಗಾಗಲೇ ನುಂಗುತ್ತಿದ್ದರೆ ಅದನ್ನು ಮುಚ್ಚಿಡಬಾರದು. ವಾರ್ಫರಿನ್ನನ್ನು ತಾವಾಗಿ ನಿಲ್ಲಿಸಲೂ ಬಾರದು. ವೈದ್ಯರು ರಕ್ತ ಹೆಪ್ಪುಗಟ್ಟುವ ವೇಗದ ಪರೀಕ್ಷೆ ಮಾಡಿಸುತ್ತಾರೆ. ಒಸಡಿನಲ್ಲಿ ರಕ್ತ, ಚರ್ಮದ ಮೇಲೆ ನೀಲಿ ಕಲೆ, ಕಪ್ಪು ಮಲ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮಗ ಬೇಸರಪಟ್ಟುಕೊಂಡಾನೆಂಬ ಸಂಕೋಚ ಬೇಡ. ತಾಯಿ ಚೆನ್ನಾಗಿರಲಿ ಎಂದೇ ಅಲ್ಲವೇ ಅವನು ಅದನ್ನು ತಂದದ್ದು?

ಮನೆಯವರೆಲ್ಲ ಕುಳಿತು ವಿಚಾರ ಮಾಡಿ:

1. ನಮ್ಮ ಮನೆಯಲ್ಲಿ ಯಾರು ಯಾವ ಯಾವ ಮಾತ್ರೆ ನುಂಗುತ್ತಾರೆ? ಪಟ್ಟಿ ಬರೆದಿಟ್ಟಿದ್ದೇವೆಯೇ?

2. ವೈದ್ಯರಿಗೆ ಹೇಳದೆ ಸೇವಿಸುವ ಪುಡಿ, ಕಷಾಯ, ಪರದೇಶದ ಬಾಟಲಿ ಯಾವುದಾದರೂ ಇದೆಯೇ?

3. ರಾತ್ರಿ ನಿದ್ದೆಗೆಡುವ ಹಿರಿಯರನ್ನು, "ಏನು ಚಿಂತೆ?" ಎಂದು ನಾವು ಕೊನೆಯ ಸಲ ಕೇಳಿದ್ದು ಯಾವಾಗ?