ಸಿನಿಮಾ ಮುಗಿದ ಮೇಲೂ ಉಳಿಯುವ ಭಯ

ರಾವಂದೂರಿನ ಕಡೆ ಹೊಗೆಸೊಪ್ಪು ಹದ ಮಾಡುವ ಕಾಲ ಬಂತೆಂದರೆ ಗಂಡಸರು ರಾತ್ರಿಯೆಲ್ಲ ಬ್ಯಾರನ್ನಿನ ಬೆಂಕಿ ಕಾಯಬೇಕಾಗುತ್ತದೆ. ಮನೆಯಲ್ಲಿ ಉಳಿಯುವವರು ಹೆಂಗಸರು, ಮಕ್ಕಳು. ಅಂಥ ದಿನಗಳಲ್ಲಿ ಸುಮಾರು ಮೂವತ್ತೈದು ವಯಸ್ಸಿನ ಗೃಹಿಣಿಯೊಬ್ಬರು ಅತ್ತೆಯೊಡನೆ ಚಿಕಿತ್ಸೆಗೆ ಬಂದರು.

“ಹತ್ತು ದಿನದಿಂದ ನಿದ್ದೆನೇ ಹತ್ತಿಲ್ಲ ಸಾರ್. ಎದೆ ಡವಡವ ಅಂತದೆ. ಕೈಕಾಲು ತಣ್ಣಗಾಗ್ತವೆ” ಎಂದರು. “ಗಾಳಿ ಸೋಕದೆ ಅಂತ ಯಂತ್ರ ಕಟ್ಟಿಸಿದ್ದೂ ಆಯ್ತು” ಎಂದರು ಅತ್ತೆ.

ಪರೀಕ್ಷಿಸಿದಾಗ ನಾಡಿಬಡಿತ ತುಸು ಹೆಚ್ಚಾಗಿತ್ತು. ರಕ್ತದೊತ್ತಡ ಸರಿಯಾಗಿತ್ತು, ರಕ್ತಹೀನತೆ ಇರಲಿಲ್ಲ, ಥೈರಾಯ್ಡ್ ಪರೀಕ್ಷೆಯೂ ಸಹಜವಾಗಿತ್ತು. ನಿಧಾನವಾಗಿ ಮಾತನಾಡಿಸಿದಾಗ ಕಾರಣ ಹೊರಬಂತು. ಒಂದು ರಾತ್ರಿ ಮೊಬೈಲಿನಲ್ಲಿ ‘ದಂಡುಪಾಳ್ಯ’ ಚಿತ್ರ ನೋಡಿದ್ದರು. ಅಂದಿನಿಂದ ಹಗಲಲ್ಲೂ ಬಾಗಿಲಿಗೆ ಚಿಲಕ. ರಾತ್ರಿ ನಾಲ್ಕೈದು ಸಲ ಎದ್ದು ಚಿಲಕ ಮುಟ್ಟಿ ನೋಡುವುದು. ಹಿತ್ತಿಲಿಗೆ ಹೋಗಲು ಮಗಳನ್ನು ಎಬ್ಬಿಸುವುದು.

“ಮೊನ್ನೆ ಮಧ್ಯಾಹ್ನ ಯಾರೋ ಹೆಂಗಸು ನೀರು ಕೇಳಿದ್ರು ಸಾರ್. ನಾನು ಉಸಿರು ಬಿಡದೆ ಒಳಗೇ ಕೂತಿದ್ದೆ. ಆಮೇಲೆ ನೋಡಿದ್ರೆ ನಮ್ಮ ಪಕ್ಕದ ಹೊಲಕ್ಕೆ ಕೂಲಿಗೆ ಬಂದೋರು. ಬಿಸಿಲಲ್ಲಿ ಹಂಗೇ ಹೋದ್ರು” ಎನ್ನುವಾಗ ಅವರ ಕಣ್ಣಲ್ಲಿ ನೀರಿತ್ತು.

ಈ ಚಿತ್ರ ತೆರೆಕಂಡಿದ್ದು 2012ರಲ್ಲಿ. ಶ್ರೀನಿವಾಸರಾಜು ನಿರ್ದೇಶನ, ಮುಖ್ಯ ಪಾತ್ರದಲ್ಲಿ ಪೂಜಾ ಗಾಂಧಿ. 1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಮುತ್ತ ಮನೆಗಳಿಗೆ ನುಗ್ಗಿ ಕೊಲೆ, ದರೋಡೆ ನಡೆಸಿದ ತಂಡವೊಂದರ ಕಥೆ ಇದು. ಹೊಸಕೋಟೆ ಸಮೀಪದ ದಂಡುಪಾಳ್ಯದ ಹೆಸರು ಆ ತಂಡಕ್ಕೆ ಅಂಟಿಕೊಂಡಿತು. ನೀರು ಕೇಳುವ ನೆಪದಲ್ಲಿ ಬಾಗಿಲು ತಟ್ಟುವ ದೃಶ್ಯವೇ ನೋಡಿದವರ ಮನಸ್ಸಿನಲ್ಲಿ ಉಳಿಯುವಂಥದ್ದು. 2017 ಮತ್ತು 2018ರಲ್ಲಿ ಇದರ ಮುಂದಿನ ಭಾಗಗಳೂ ಬಂದವು.

ಭಯ ಹೇಗೆ ಉಂಟಾಗುತ್ತದೆ?

ನಮ್ಮ ಮಿದುಳಿನಲ್ಲಿ ಬಾದಾಮಿ ಆಕಾರದ ಅಮಿಗ್ಡಲ ಎಂಬ ಪುಟ್ಟ ಭಾಗವಿದೆ. ಅಪಾಯದ ಸುಳಿವು ಸಿಕ್ಕೊಡನೆ ಗಂಟೆ ಬಾರಿಸುವುದು ಅದರ ಕೆಲಸ. ಆಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಬಡಿದುಕೊಳ್ಳುತ್ತದೆ, ಬೆವರು ಬರುತ್ತದೆ, ನಿದ್ರೆ ಹಾರಿಹೋಗುತ್ತದೆ. ಓಡಲು ಅಥವಾ ಎದುರಿಸಲು ದೇಹ ಸಿದ್ಧವಾಗುವ ರೀತಿ ಇದು. ತೆರೆಯ ಮೇಲಿನ ಅಪಾಯಕ್ಕೂ ಮನೆಯ ಅಂಗಳದ ಅಪಾಯಕ್ಕೂ ಇರುವ ಅಂತರ ಬುದ್ಧಿಗೆ ಗೊತ್ತು. ಆದರೆ ಗಂಟೆ ಬುದ್ಧಿಗಿಂತ ಮೊದಲೇ ಬಾರಿಸಿರುತ್ತದೆ. ಹೆದರಿಕೆಯ ಹೊತ್ತಿನಲ್ಲಿ ಕಂಡದ್ದು ನೆನಪಿನಲ್ಲಿ ಗಟ್ಟಿಯಾಗಿ ಕೂರುವುದೂ ಇದೇ ಕಾರಣದಿಂದ.

ದೆವ್ವದ ಚಿತ್ರವಾದರೆ ‘ಇದೆಲ್ಲ ಕಟ್ಟುಕಥೆ’ ಎಂದು ಸಮಾಧಾನ ಹೇಳಿಕೊಳ್ಳಬಹುದು. ‘ನಿಜವಾಗಿ ನಡೆದದ್ದು’ ಎಂದಾಗ ಆ ಆಸರೆ ತಪ್ಪಿಹೋಗುತ್ತದೆ. ಅದರಲ್ಲೂ ಕಥೆಯ ಮನೆ ನಮ್ಮ ಮನೆಯಂತೆಯೇ ಇದ್ದು, ಪಾತ್ರಗಳು ನಮ್ಮ ಭಾಷೆಯನ್ನೇ ಆಡಿದರೆ ಭಯ ಇನ್ನಷ್ಟು ಹತ್ತಿರ ಬರುತ್ತದೆ.

ಇದು ಹೊಸ ಸಂಗತಿಯೇನಲ್ಲ. 1973ರಲ್ಲಿ ಅಮೆರಿಕದಲ್ಲಿ ‘ದಿ ಎಕ್ಸಾರ್ಸಿಸ್ಟ್’ ಚಿತ್ರ ಬಂದ ನಂತರ ಅದನ್ನು ನೋಡಿ ಅಸ್ವಸ್ಥರಾದ ನಾಲ್ವರ ವಿವರ 1975ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 2013ರ ಬಾಸ್ಟನ್ ಬಾಂಬ್ ಸ್ಫೋಟದ ಬಳಿಕ ನಡೆದ ಅಧ್ಯಯನದಲ್ಲಿ ಇನ್ನೊಂದು ಅಂಶ ಕಂಡುಬಂತು. ಸ್ಫೋಟದ ಸುದ್ದಿ, ಚಿತ್ರಗಳನ್ನು ದಿನಕ್ಕೆ 6 ಗಂಟೆ ಅಥವಾ ಹೆಚ್ಚು ಹೊತ್ತು ನೋಡಿದವರು, ಸ್ಥಳದಲ್ಲೇ ಇದ್ದವರಿಗಿಂತ ಹೆಚ್ಚು ಒತ್ತಡದ ಲಕ್ಷಣಗಳನ್ನು ಹೇಳಿಕೊಂಡಿದ್ದರು. ಆದ್ದರಿಂದ ಸಿನಿಮಾ ನೋಡಿ ಹೆದರುವುದು ಪುಕ್ಕಲುತನವಲ್ಲ, ಗಾಳಿಚೇಷ್ಟೆಯೂ ಅಲ್ಲ.

ಏನು ಮಾಡಬೇಕು?

ಈ ಭಯ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಇಳಿಯದಂತೆ ಮಾಡುವವರು ಹಲವು ವೇಳೆ ನಾವೇ. ಐದನೆಯ ಸಲ ಚಿಲಕ ಮುಟ್ಟಿದಾಗ ಒಂದು ಗಳಿಗೆ ನೆಮ್ಮದಿ ಎನಿಸುತ್ತದೆ. ಆದರೆ ‘ಮುಟ್ಟಿದ್ದರಿಂದಲೇ ಬದುಕಿದೆ’ ಎಂಬ ತಪ್ಪು ಪಾಠವನ್ನು ಮಿದುಳು ಕಲಿಯುತ್ತದೆ. ಹೆದರಿ ದೂರವಿಟ್ಟದ್ದೆಲ್ಲ ದೊಡ್ಡದಾಗುತ್ತ ಹೋಗುತ್ತದೆ. ಆದ್ದರಿಂದ ಈ ಕ್ರಮಗಳನ್ನು ಅನುಸರಿಸಿ:

ಚಿಲಕವನ್ನು ಒಮ್ಮೆ ಗಮನವಿಟ್ಟು ಹಾಕಿ, ಅಲ್ಲಿಗೆ ಬಿಡಿ. ಮತ್ತೆ ಏಳಬೇಕೆನಿಸಿದರೆ ಹಾಸಿಗೆಯಲ್ಲೇ ಉಳಿದು, ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ಬಿಡಿ. ಐದು ನಿಮಿಷ ಹೀಗೆ ಮಾಡಿದರೆ ಎದೆಬಡಿತ ತಗ್ಗುತ್ತದೆ.

ನೋಡಿದ್ದನ್ನು ಮನೆಯವರೊಡನೆ ಹೇಳಿಕೊಳ್ಳಿ. ಕೇಳುವವರು ನಗಬಾರದು, ಗದರಬಾರದು. ಅದೇ ಘಟನೆಯ ಇನ್ನಷ್ಟು ವಿಡಿಯೊಗಳನ್ನು ಹುಡುಕಿ ನೋಡಬೇಡಿ. ಮಲಗುವ ಮುನ್ನ ಮೊಬೈಲ್ ದೂರವಿಡಿ. ಸಂಜೆಯ ಮೇಲೆ ಕಾಫಿ, ಟೀ ಬೇಡ.

ಕೈಗೂ ಕಣ್ಣಿಗೂ ಕೆಲಸ ಕೊಡಿ. 2009ರಲ್ಲಿ ಪ್ರಕಟವಾದ ಆಕ್ಸ್‌ಫರ್ಡಿನ ಒಂದು ಪ್ರಯೋಗದಲ್ಲಿ, ಭೀಕರ ದೃಶ್ಯಗಳನ್ನು ನೋಡಿದ ಅರ್ಧ ಗಂಟೆಯ ನಂತರ 10 ನಿಮಿಷ ಟೆಟ್ರಿಸ್ ಎಂಬ ಕಂಪ್ಯೂಟರ್ ಆಟ ಆಡಿದವರಿಗೆ ಮುಂದಿನ ವಾರದಲ್ಲಿ ಆ ದೃಶ್ಯಗಳು ಕಣ್ಣಮುಂದೆ ಬಂದದ್ದು ಕಡಿಮೆ. ಹೂ ಕಟ್ಟುವುದು, ಚೌಕಾಬಾರ ಆಡುವುದು ಕೂಡ ಮನಸ್ಸನ್ನು ಬೇರೆಡೆ ಹರಿಸಬಲ್ಲವೆಂದು ನನ್ನ ಅಭಿಪ್ರಾಯ.

ಅಂಗಡಿಯಿಂದ ನಿದ್ರೆ ಮಾತ್ರೆ ತರಿಸಿ ನುಂಗಬೇಡಿ. ಅಲ್‌ಪ್ರಜೋಲಾಮ್‌ನಂಥ ಮಾತ್ರೆಗಳು ಬೇಗ ಚಟವಾಗುತ್ತವೆ. ಹೆದರಿಕೆ ಮರೆಯಲು ಮದ್ಯದ ಮೊರೆ ಹೋಗುವುದೂ ಸಲ್ಲದು.

ಮಕ್ಕಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ದೊಡ್ಡವರು ನೋಡುವ ಮೊಬೈಲಿಗೆ ಮಕ್ಕಳು ಹೆಗಲ ಮೇಲಿಂದ ಇಣುಕುತ್ತಾರೆ. ಹಾಸಿಗೆಯಲ್ಲಿ ಮೂತ್ರ ಮಾಡುವುದು, ಒಬ್ಬರೇ ಮಲಗಲು ಒಪ್ಪದಿರುವುದು, ಶಾಲೆಗೆ ಹೋಗುವಾಗ ಹೊಟ್ಟೆನೋವು ಎನ್ನುವುದು ಭಯದ ಲಕ್ಷಣಗಳಿರಬಹುದು.

ವೈದ್ಯರನ್ನು ಯಾವಾಗ ಕಾಣಬೇಕು?

ಎರಡು ಮೂರು ವಾರ ಕಳೆದರೂ ನಿದ್ರೆ ಬಾರದಿದ್ದರೆ, ಕೆಲಸಕ್ಕೆ ಅಡ್ಡಿಯಾದರೆ, ಬದುಕೇ ಬೇಡವೆನಿಸಿದರೆ ತಡಮಾಡಬೇಡಿ. ಬದುಕು ಬೇಡವೆಂಬ ಯೋಚನೆ ಬಂದರಂತೂ ಅದೇ ದಿನ ಬನ್ನಿ. ರಕ್ತಹೀನತೆ, ಥೈರಾಯ್ಡ್ ದೋಷ, ಹೃದಯದ ತೊಂದರೆಗಳಲ್ಲೂ ಎದೆ ಬಡಿದುಕೊಳ್ಳುವುದರಿಂದ ಪರೀಕ್ಷೆ ಅಗತ್ಯ. ಹಿಂದೆ ನಿಜವಾಗಿಯೇ ಹಲ್ಲೆ, ದೌರ್ಜನ್ಯ ಅನುಭವಿಸಿದವರಲ್ಲಿ ಇಂಥ ಚಿತ್ರ ಹಳೆಯ ಗಾಯವನ್ನು ಕೆದಕಬಹುದು. ಅವರಿಗೆ ಮನೋವೈದ್ಯರ ನೆರವು ಬೇಕಾಗುತ್ತದೆ. ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಎಚ್ಚರಿಕೆ ಬೇರೆ, ಭಯ ಬೇರೆ. ರಾತ್ರಿ ಒಮ್ಮೆ ಚಿಲಕ ಹಾಕುವುದು, ಅಪರಿಚಿತರನ್ನು ಕಿಟಕಿಯಿಂದ ಮಾತನಾಡಿಸುವುದು, ನೆರೆಯವರ ಫೋನ್ ನಂಬರು ಇಟ್ಟುಕೊಳ್ಳುವುದು, ತುರ್ತಿಗೆ 112ಕ್ಕೆ ಕರೆ ಮಾಡುವುದು ಎಚ್ಚರಿಕೆ. ಬಾಯಾರಿ ಬಂದವರೆಲ್ಲರಲ್ಲೂ ಕೊಲೆಗಾರರನ್ನು ಕಾಣುವುದು ಭಯ. ಕೆಲವರ ಕೃತ್ಯಕ್ಕೆ ಒಂದಿಡೀ ಊರನ್ನೋ ಜನಾಂಗವನ್ನೋ ಶಂಕಿಸುವುದು ಅದರ ಮುಂದಿನ ಹೆಜ್ಜೆ.

ಆ ಗೃಹಿಣಿಗೆ ನಾನು ಮಾತ್ರೆ ಬರೆಯಲಿಲ್ಲ. ಒಮ್ಮೆ ಮಾತ್ರ ಚಿಲಕ ಹಾಕಬೇಕು, ಹಿತ್ತಿಲಿಗೆ ಒಬ್ಬರೇ ಹೋಗಬೇಕು, ಮಧ್ಯಾಹ್ನ ಸ್ವಲ್ಪ ಹೊತ್ತು ಜಗಲಿಯ ಮೇಲೆ ಕೂರಬೇಕು ಎಂದು ಹೇಳಿ ಕಳಿಸಿದೆ. ಮೂರು ವಾರದ ಮೇಲೆ ಬಂದಾಗ ಮುಖದಲ್ಲಿ ಗೆಲುವಿತ್ತು.

“ನಿದ್ದೆ ಬರ್ತದೆ ಸಾರ್. ಮತ್ತೆ ಮೊನ್ನೆ ಇನ್ಯಾರೋ ನೀರು ಕೇಳಿದ್ರು. ಕೈ ನಡುಗ್ತು, ಆದ್ರೂ ಕಿಟಕಿಯಿಂದ ಚೊಂಬು ಕೊಟ್ಟೆ” ಎಂದರು.

ಅಷ್ಟು ಸಾಕು. ಕೈಯ ನಡುಕ ನಿಧಾನವಾಗಿ ನಿಲ್ಲುತ್ತದೆ.